ಕೂತಾಡುವ ಆಟಕ್ಕೆ ಅಂಟಿದ ಅಪವಾದ

ಆಟಗಳಲ್ಲಿ ಯಾವುದು ಮೇಲು, ಯಾವುದು ಕೀಳು ಎಂಬುದು ನಮ್ಮ ಕಡೆ ಎಂದೋ ತೀರ್ಮಾನವಾಗಿದೆ. ಮೈ ಬೆವರಿಸುವ ಆಟ ಒಳ್ಳೆಯದು, ಕೂತು ಆಡುವ ಆಟ ಕೆಟ್ಟದ್ದು. ಜಾತ್ರೆಯ ಕುಸ್ತಿಯಲ್ಲಿ ಗೆದ್ದವನಿಗೆ ಬೆಳ್ಳಿ ಕಡಗ, ಕಬಡ್ಡಿ ತಂಡಕ್ಕೆ ಊರವರ ವಂತಿಗೆ. ಅದೇ ನಾಲ್ಕು ಮಂದಿ ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಮನೆ ಬರೆದು ಕೂತರೆ ‘ದುಡಿಯೋ ವಯಸ್ಸಿನ್ಯಾಗ ಇದೇನ್ ದರಿದ್ರ’ ಎಂದು ಹಾದುಹೋಗುವವರು ಅನ್ನದೆ ಬಿಡುವುದಿಲ್ಲ. ಮಣೆಯ ಮೇಲೆ ಹೊಲ, ಸರಕು, ಸಾಲ, ಬೆಲೆಗಳ ಲೆಕ್ಕ ನಡೆಯುವ ಆಟವಾದರಂತೂ ಅಪವಾದ ಇನ್ನೂ ಗಟ್ಟಿ. ಅದು ಜೂಜಿಗೆ ಮೊದಲ ಮೆಟ್ಟಿಲು, ಮಕ್ಕಳ ತಲೆಗೆ ದುಡ್ಡಿನ ಹುಚ್ಚು ಹತ್ತಿಸುವಂಥದ್ದು, ಗೆಳೆಯರ ನಡುವೆ ಬೆಂಕಿ ಹಚ್ಚುವಂಥದ್ದು. ಪಟ್ಟಣದಲ್ಲಿ ಹೊತ್ತು ಹೋಗದವರಿಗೆ ಸರಿ, ಆಳಂದ, ಅಫಜಲಪುರ, ಜೇವರ್ಗಿಯ ಒಕ್ಕಲುತನದ ಮಂದಿಗೆ ಸಲ್ಲದ್ದು. ಓದಿದವರೂ ಓದದವರೂ ಈ ಮಾತಿನಲ್ಲಿ ಒಂದಾಗುತ್ತಾರೆ. ಒಂದಾಗುವುದರಿಂದಲೇ ಅದನ್ನು ಯಾರೂ ತಿರುಗಿ ಪರೀಕ್ಷಿಸಿಲ್ಲ.

ಈ ತೀರ್ಮಾನ ಬುಡದಲ್ಲೇ ತಪ್ಪು ಎಂಬುದು ನನ್ನ ವಾದ. ಹೊಲ, ಸರಕು, ಸಾಲಗಳ ಆಟ ಮಂದಿಯನ್ನು ಒಡೆಯುವುದಿಲ್ಲ, ಕೂಡಿಸುತ್ತದೆ. ಆ ಆಟಗಳಲ್ಲಿರುವ ಕೊರತೆಯೇ ಅದನ್ನು ಮಾಡುತ್ತದೆ. ನನ್ನ ಬಳಿ ಇಲ್ಲದ್ದು ನಿನ್ನ ಬಳಿ ಇದೆ, ನಿನಗೆ ಬೇಕಾದದ್ದು ಅವಳ ಕೈಯಲ್ಲಿದೆ. ಹೀಗಿರುವಾಗ ಮಾತಾಡದೆ ಯಾರಿಗೂ ಒಂದು ಹೆಜ್ಜೆ ಮುಂದಿಡಲು ಬರುವುದಿಲ್ಲ. ಕೇರಂನಲ್ಲಿ ಪಕ್ಕದವನ ಮುಖ ನೋಡದೆ ಗೆಲ್ಲಬಹುದು. ಚದುರಂಗದಲ್ಲಿ ಎದುರಾಳಿ ಮೂಕನಾಗಿದ್ದರೂ ಆಟ ನಡೆಯುತ್ತದೆ. ಕೊಡು-ಕೊಳ್ಳುವ ಆಟದಲ್ಲಿ ಮಾತ್ರ ಗುಂಪು ಎಂಬುದು ಪ್ರೇಕ್ಷಕರಲ್ಲ, ಅದೇ ಆಟದ ಸಾಮಗ್ರಿ. ಮಂದಿಗೆ ಇದು ಹಿಡಿಸುವುದು ಈ ಕಾರಣಕ್ಕೆ, ದುಡ್ಡಿನ ಆಸೆಗಲ್ಲ.

ಇಂಥ ಆಟ ಹೊರಗಿನಿಂದ ಬಂದ ಶೋಕಿ ಎನ್ನುವವರು ಮೊದಲು ಅಳಗುಳಿಮಣೆಯನ್ನು ಕಣ್ಣು ಬಿಟ್ಟು ನೋಡಬೇಕು. ಕರಾವಳಿಯ ಚೆನ್ನೆಮಣೆ, ತಮಿಳರ ಪಲ್ಲಾಂಗುಳಿ ಇದರದೇ ಬಳಗ. ಎರಡು ಸಾಲು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ಐದರಂತೆ ಹಾಕಿದರೆ 70 ಹುಣಸೆಬೀಜ. ನನ್ನ ಸಾಲಿನ ಒಂದು ಗುಳಿ ಬರಿದು ಮಾಡಿ ಮುಂದಿನ ಗುಳಿಗಳಿಗೆ ಒಂದೊಂದೇ ಬೀಜ ಬಿತ್ತುತ್ತ ಹೋಗಬೇಕು. ನನ್ನ ಸಾಲು ಮುಗಿದರೆ ಎದುರಿನವಳ ಸಾಲಿಗೂ ನನ್ನ ಕೈಯಿಂದಲೇ ಬೀಜ ಬೀಳಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಕೈ ಬರಿದಾದಲ್ಲಿ ಮುಂದಿನ ಗುಳಿ ಎತ್ತಿ ಮತ್ತೆ ಬಿತ್ತನೆ. ಮುಂದಿನದು ಖಾಲಿ ಇದ್ದರೆ ಅದರಾಚೆಯ ಗುಳಿಯಲ್ಲಿರುವುದು ನನ್ನ ಫಸಲು. ಸುತ್ತು ಮುಗಿದು ಲೆಕ್ಕ ಹಾಕುವ ಗಳಿಗೆ ಈ ಆಟದ ಜೀವ. ಒಬ್ಬಳ ಮಡಿಲಲ್ಲಿ 23 ಬೀಜ, ಇನ್ನೊಬ್ಬಳಲ್ಲಿ 47 ಎಂದಿಟ್ಟುಕೊಳ್ಳಿ. 47 ಇದ್ದವಳು ಏಳೂ ಗುಳಿ ತುಂಬಿ 12 ಬೀಜ ಪಕ್ಕಕ್ಕಿಡುತ್ತಾಳೆ. 23 ಇದ್ದವಳು ನಾಲ್ಕು ಗುಳಿ ತುಂಬುತ್ತಾಳೆ, ಮೂರು ಬೀಜ ಅಂಗೈಯಲ್ಲಿ ಉಳಿಯುತ್ತವೆ, ಮೂರು ಗುಳಿ ಬೀಳು ಬಿದ್ದ ಹೊಲದಂತೆ ಸುಮ್ಮನೆ ಬಿದ್ದಿರುತ್ತವೆ. ಮುಂದಿನ ಸುತ್ತು ಈ ಏರುಪೇರಿನಿಂದಲೇ ಶುರು. ಬಂಡವಾಳ, ಬಿತ್ತನೆ, ಫಸಲು, ಕೈಬಿಟ್ಟ ಹೊಲ, ಮುಂದಿನ ಹಂಗಾಮಿಗೆ ಉಳಿದ ಬೀಜ, ಇವಿಷ್ಟೂ ಆ ಎರಡು ಸಾಲು ಗುಳಿಗಳಲ್ಲಿವೆ. ನಾಲ್ಕು ಗುಳಿಯವಳು ಸರಿಯಾದ ಗುಳಿಯಿಂದ ಎತ್ತಿ ಎರಡು ಸುತ್ತಿನಲ್ಲಿ ತನ್ನ ಮೂರೂ ಹೊಲ ಬಿಡಿಸಿಕೊಳ್ಳುವುದುಂಟು. ಆಡುವವರು ಇಬ್ಬರೇ ನಿಜ. ಆದರೆ ಸುತ್ತ ಕೂತವರು ಗುಳಿ ಎಣಿಸಿ ‘ಅಲ್ಲಿಂದಲ್ಲ, ಇಲ್ಲಿಂದ ಎತ್ತು’ ಎನ್ನದೆ ಈ ಆಟ ಎಂದೂ ನಡೆದದ್ದಿಲ್ಲ. ತಲೆಮಾರುಗಳಿಂದ ಹೆಣ್ಣುಮಕ್ಕಳು ಮಧ್ಯಾಹ್ನದ ಬಿಡುವಿನಲ್ಲಿ ಆಡಿಕೊಂಡು ಬಂದ ಈ ಆಟವನ್ನು ‘ಲೆಕ್ಕದ ಆಟ’ ಎಂದು ಯಾರೂ ಕರೆಯಲಿಲ್ಲ. ಹೆಂಗಸರ ಆಟಕ್ಕೆ ಅಷ್ಟು ದೊಡ್ಡ ಹೆಸರು ಕೊಡುವ ರೂಢಿ ನಮ್ಮಲ್ಲಿ ಇರಲಿಲ್ಲ.

ಈಗ ಜೂಜಿನ ಮಾತು. ಈ ಆಪಾದನೆ ಮಾಡುವವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಲಬುರಗಿ ಸೀಮೆಯಲ್ಲಿ ಮಟಕಾ ಎಷ್ಟು ಮನೆಗಳ ಜೋಳದ ಚೀಲ ಬರಿದು ಮಾಡಿದೆ, ಅಂದರ್-ಬಾಹರ್ ಎಷ್ಟು ಮಂದಿಯ ಹೊಲದ ಕಾಗದವನ್ನು ಸಾಹುಕಾರನ ಪೆಟ್ಟಿಗೆಗೆ ಸೇರಿಸಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಎರಡು ಆಟಗಳನ್ನೇ ಬಿಚ್ಚಿ ನೋಡಿ. ಮಟಕಾದಲ್ಲಿ ಅಂಕಿ ಹೇಳಿದ ಮೇಲೆ ಆಡುವವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಅಂದರ್-ಬಾಹರ್‌ನಲ್ಲಿ ಎಲೆ ಬಲಕ್ಕೆ ಬೀಳುತ್ತದೋ ಎಡಕ್ಕೋ ಎಂದು ಕಾಯುವುದೇ ಕೆಲಸ. ಮನುಷ್ಯನ ಬುದ್ಧಿಗೆ ಅಲ್ಲಿ ಜಾಗವಿಲ್ಲ, ಅವನ ಜೇಬಿಗೆ ಮಾತ್ರ ಜಾಗ. ಸರಕಿನ ಆಟದಲ್ಲಿ ಇದು ತಲೆಕೆಳಗು: ಜೇಬು ಆಟದ ಹೊರಗೆ, ಬುದ್ಧಿ ಒಳಗೆ. ಕೂತಾಡುವ ಆಟವನ್ನು ಬೈಯಲು ಧರ್ಮರಾಯನ ಪಗಡೆಯನ್ನು ಎಳೆದು ತರುವವರೂ ಇದನ್ನೇ ಮರೆಯುತ್ತಾರೆ. ಧರ್ಮರಾಯ ಕೆಟ್ಟದ್ದು ದಾಳ ಹಿಡಿದದ್ದಕ್ಕಲ್ಲ; ಮಣೆಯ ಹೊರಗಿದ್ದ ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಪಣಕ್ಕಿಟ್ಟದ್ದಕ್ಕೆ. ಅವನಿಗೆ ಆ ಸಭೆಯಲ್ಲಿ ಇದ್ದ ಆಯ್ಕೆ ಒಂದೇ, ಮುಂದೆ ಏನನ್ನು ಒಡ್ಡುವುದು ಎಂಬುದು. ಯಾರೊಂದಿಗೂ ಕೊಡು-ಕೊಳ್ಳುವ ಮಾತಿಗೆ ಅಲ್ಲಿ ಎಡೆಯೇ ಇರಲಿಲ್ಲ. ನಮ್ಮ ಕಾನೂನು ಕೂಡ ಜೂಜನ್ನೂ ಬುದ್ಧಿಯ ಆಟವನ್ನೂ ಬೇರೆ ಬೇರೆಯಾಗಿ ಕಂಡಿದೆ. 1968ರಲ್ಲಿ ಸುಪ್ರೀಂ ಕೋರ್ಟ್ ಇಸ್ಪೀಟಿನ ರಮ್ಮಿಯನ್ನೇ ಮುಖ್ಯವಾಗಿ ಚಾತುರ್ಯದ ಆಟವೆಂದು ಒಪ್ಪಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆ ಇನ್ನೂ ನೇರವಾಗಿ ಪಣದ ಹಣಕ್ಕೇ ಕೈಹಾಕಿತು: ದುಡ್ಡು ಕಟ್ಟಿ ಆಡುವಂಥದ್ದನ್ನು ತಡೆದು, ದುಡ್ಡಿಲ್ಲದ ಆಟವನ್ನು ಬಿಟ್ಟಿತು. ಹುಣಸೆಬೀಜ ಸೋತವಳು ಮನೆಗೆ ಹೋಗುವಾಗ ಏನನ್ನೂ ಕಳೆದುಕೊಂಡಿರುವುದಿಲ್ಲ. ಜೂಜಿಗೂ ಇದಕ್ಕೂ ಗೆರೆ ಇಷ್ಟು ಸ್ಪಷ್ಟವಾಗಿರುವಾಗ ಎರಡನ್ನೂ ಒಂದೇ ಬಾಯಲ್ಲಿ ಬೈಯುವುದರಿಂದ ಲಾಭವಾಗುವುದು ಮಟಕಾ ನಡೆಸುವವನಿಗೆ. ಕೂಡಿ ಕೂರಲು ಹುಡುಗರಿಗೆ ಬೇರೆ ಜಾಗ ಉಳಿಯದಂತೆ ನಾವೇ ಮಾಡುತ್ತಿದ್ದೇವೆ.

ದುರಾಸೆಯ ಆಪಾದನೆಗೆ ಹೆಚ್ಚು ಬಲವಿದೆ, ಏಕೆಂದರೆ ಅದಕ್ಕೊಂದು ಸಾಕ್ಷಿ ಇದೆ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಕೊಡಿಸುವ ‘ಬಿಸಿನೆಸ್’ ಎಂಬ ಡಬ್ಬಿ, ನಮ್ಮ ಗಡಿಯಾಚೆ ಸೊಲ್ಲಾಪುರದ ಕಡೆ ‘ವ್ಯಾಪಾರ’. ಬಣ್ಣದ ನೋಟು, ಊರುಗಳ ಹೆಸರಿನ ಚೀಟಿ, ಎರಡು ದಾಳ. ಮೊದಲ ಅರ್ಧ ಗಂಟೆ ಎಲ್ಲರೂ ಊರು ಕೊಳ್ಳುತ್ತಾರೆ. ಆಮೇಲಿನ ಎರಡು ಗಂಟೆ ಒಬ್ಬನೇ ಬಾಡಿಗೆ ವಸೂಲಿ ಮಾಡುತ್ತಾನೆ, ಉಳಿದವರು ಒಬ್ಬೊಬ್ಬರಾಗಿ ದಿವಾಳಿಯಾಗಿ ಎದ್ದು ಹೋಗುತ್ತಾರೆ. ಇದನ್ನು ನೋಡಿದ ತಾಯಿ ‘ಈ ಆಟ ಬ್ಯಾಡ’ ಎಂದರೆ ಅವಳ ಮಾತು ಸರಿಯೇ. ಈ ಡಬ್ಬಿಯ ಹುಟ್ಟು ಗೊತ್ತಾದರೆ ಅದು ಇನ್ನೂ ಸರಿ ಎನಿಸುತ್ತದೆ. ಅಮೆರಿಕದ ಎಲಿಜಬೆತ್ ಮ್ಯಾಗಿ ಎಂಬ ಹೆಣ್ಣುಮಗಳು 1904ರಲ್ಲಿ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ ಹೆಸರಿನಲ್ಲಿ ಇದರ ಮೂಲಕ್ಕೆ ಪೇಟೆಂಟ್ ಪಡೆದಳು. ಹೆನ್ರಿ ಜಾರ್ಜ್ 1879ರ ತನ್ನ ಪುಸ್ತಕದಲ್ಲಿ ಹೇಳಿದ ಮಾತನ್ನು, ಅಂದರೆ ಭೂಮಿಯ ಒಡೆತನ ಕೆಲವರ ಕೈ ಸೇರಿದರೆ ದುಡಿಯುವವರ ಗಳಿಕೆಯೆಲ್ಲ ಬಾಡಿಗೆಯಾಗಿ ಅವರತ್ತಲೇ ಹರಿಯುತ್ತದೆ ಎಂಬುದನ್ನು, ಆಡುವವರ ಕಣ್ಣಿಗೆ ಕಾಣಿಸುವುದೇ ಅವಳ ಉದ್ದೇಶ. ಭೂಮಿಯ ಬಾಡಿಗೆ ಎಲ್ಲರಿಗೂ ಸೇರುವ ಇನ್ನೊಂದು ನಿಯಮಾವಳಿಯನ್ನೂ ಅವಳು ಮಾಡಿದ್ದಳು. ಆಟ ಕೈಯಿಂದ ಕೈಗೆ ಹೋಗಿ, 1935ರಲ್ಲಿ ಪಾರ್ಕರ್ ಬ್ರದರ್ಸ್ ಕಂಪನಿ ಅದನ್ನು ಚಾರ್ಲ್ಸ್ ಡ್ಯಾರೋ ಎಂಬವನಿಂದ ಕೊಂಡು ‘ಮೊನಾಪಲಿ’ ಎಂದು ಮಾರಿತು. ಮ್ಯಾಗಿಯ ಪೇಟೆಂಟಿಗೆ ಸಿಕ್ಕದ್ದು 500 ಡಾಲರ್. ಎರಡನೆಯ ನಿಯಮಾವಳಿ ಬಿದ್ದುಹೋಯಿತು, ದಿವಾಳಿ ಎಬ್ಬಿಸುವ ಮೊದಲನೆಯದು ಉಳಿಯಿತು. ಅನ್ಯಾಯವನ್ನು ತೋರಿಸಲು ಮಾಡಿದ ಕನ್ನಡಿಯನ್ನು ಅಲಂಕಾರದ ಕನ್ನಡಿಯಾಗಿ ಗೋಡೆಗೆ ಹಾಕಿಕೊಂಡದ್ದು ಮಾರಿದವರ ಮತ್ತು ಕೊಂಡವರ ತಪ್ಪು. ಆಡಿಸುವ ಕ್ರಮದಲ್ಲೂ ನಮ್ಮ ಮನೆಗಳು ಇನ್ನೊಂದು ತಪ್ಪು ಸೇರಿಸಿವೆ. ಮೂಲ ಮೊನಾಪಲಿಯಲ್ಲಿ ಒಬ್ಬ ಕೊಳ್ಳದೆ ಬಿಟ್ಟ ಊರನ್ನು ಆಗಲೇ ಲಿಲಾವಿಗೆ ಹಾಕಬೇಕು, ಎಲ್ಲರೂ ಕೂಗಬೇಕು. ಬಹುತೇಕ ಮನೆಗಳಲ್ಲಿ ಆ ಲಿಲಾವನ್ನೇ ಕೈಬಿಡುತ್ತಾರೆ. ಗುಂಪು ಬಾಯಿ ಬಿಡುವ ಒಂದು ಸಂದರ್ಭವನ್ನೂ ತೆಗೆದುಹಾಕಿ, ಉಳಿದ ದಾಳವನ್ನು ಮಾತ್ರ ಆಡಿ, ಆಮೇಲೆ ‘ದುಡ್ಡಿನ ಆಟ ಬೇಸರ, ಜಗಳ’ ಎಂದರೆ ಹೇಗೆ? ಒಂದು ಕೆಟ್ಟ ಬಾವಿಯ ನೀರು ಕುಡಿದು ನೀರನ್ನೇ ಬಿಡುತ್ತೇನೆಂದಂತಾಯಿತು.

ಆ ಬಳಗದ ಒಳ್ಳೆಯ ಆಟ ಹೇಗಿರುತ್ತದೆ ಎಂಬುದಕ್ಕೆ 1995ರಲ್ಲಿ ಜರ್ಮನಿಯ ಕ್ಲೌಸ್ ಟಾಯ್ಬರ್ ಮಾಡಿದ ‘ಕಟಾನ್’ ಸಾಕು. ಆ ವರ್ಷವೇ ಅಲ್ಲಿನ ವರ್ಷದ ಆಟ ಎಂಬ ಪ್ರಶಸ್ತಿ ಪಡೆದ ಇದು ಇಂದು ಬೆಂಗಳೂರಿನ ಆಟದ ಕೂಟಗಳಲ್ಲೂ ವಿದೇಶದ ಕನ್ನಡ ಮನೆಗಳಲ್ಲೂ ಪರಿಚಿತ. ಮೂರು ಅಥವಾ ನಾಲ್ಕು ಮಂದಿ, ಒಂದು ದ್ವೀಪ, ಅದರ ಮೇಲೆ ಕಟ್ಟಿಗೆ, ಇಟ್ಟಂಗಿ, ಕುರಿ, ಗೋಧಿ, ಅದಿರು ಕೊಡುವ ಹೊಲಗಳು. ಪ್ರತಿ ಹೊಲಕ್ಕೂ ಒಂದು ಅಂಕಿ. ಎರಡು ದಾಳ ಕೂಡಿದಾಗ ಬಂದ ಅಂಕಿಯ ಹೊಲ ಆ ಸಲ ಬೆಳೆ ಕೊಡುತ್ತದೆ. ಆರು ಮತ್ತು ಎಂಟು ಬರುವ ದಾರಿ 36ರಲ್ಲಿ ಐದೈದು, ಎರಡು ಮತ್ತು ಹನ್ನೆರಡು ಬರುವುದು ಒಂದೊಂದೇ ದಾರಿಯಲ್ಲಿ. ಆದ್ದರಿಂದ ಎಲ್ಲಿ ಮನೆ ಕಟ್ಟಬೇಕೆಂಬುದು ಲೆಕ್ಕ, ಯಾವಾಗ ಬೆಳೆ ಬರುತ್ತದೆಂಬುದು ದೈವ. ಮಳೆಯಾಧಾರಿತ ಒಕ್ಕಲುತನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ರಸ್ತೆಗೆ ಕಟ್ಟಿಗೆಯೂ ಇಟ್ಟಂಗಿಯೂ ಬೇಕು. ಒಂದು ಮನೆಗೆ ಅವೆರಡರ ಜೊತೆ ಕುರಿ, ಗೋಧಿಯೂ ಬೇಕು. ಯಾರ ಹೊಲದಲ್ಲೂ ಇವೆಲ್ಲ ಒಟ್ಟಿಗೆ ಬೆಳೆಯುವುದು ಅಪರೂಪ. ಕೈಯಲ್ಲಿರುವುದನ್ನು ಬ್ಯಾಂಕಿಗೆ ಕೊಟ್ಟು ಬದಲಿಸಿಕೊಳ್ಳಬಹುದು, ಆದರೆ ಬ್ಯಾಂಕಿನ ದರ ನಾಲ್ಕಕ್ಕೆ ಒಂದು. ಪಕ್ಕದವನ ಬಳಿ ಕೇಳಿದರೆ ಎರಡಕ್ಕೆ ಒಂದು, ಕೆಲವೊಮ್ಮೆ ಒಂದಕ್ಕೆ ಒಂದು. ಮೌನವಾಗಿ ಕೂತ ಆಟ ಇಲ್ಲಿಂದ ಬಾಯಿ ತೆರೆಯುತ್ತದೆ. ‘ಎರಡು ಗೋಧಿ ಕೊಡ್ತೀನಿ, ಒಂದು ಇಟ್ಟಂಗಿ ಕೊಡು’ ಎಂದು ಒಬ್ಬ ಶುರುಮಾಡಿದರೆ, ‘ಅವಗ ಕೊಡಬ್ಯಾಡ, ಇನ್ನೊಂದು ಮನಿ ಕಟ್ಟಿದ್ರ ಗೆದ್ದೇಬಿಡ್ತಾನ’ ಎಂದು ಮೂರನೆಯವಳು ತಡೆಯುತ್ತಾಳೆ, ‘ನನ್ನ ಹತ್ರ ಕುರಿ ಅದ, ಯಾರೂ ಕೇಳವಲ್ಲಿರಿ’ ಎಂದು ನಾಲ್ಕನೆಯವನು ಕೊರಗುತ್ತಾನೆ. ಕೂಡಿಟ್ಟವನಿಗೆ ಇಲ್ಲಿ ಶಿಕ್ಷೆಯೂ ಇದೆ: ದಾಳದಲ್ಲಿ ಏಳು ಬಿದ್ದಾಗ ಏಳಕ್ಕಿಂತ ಹೆಚ್ಚು ಸರಕಿನ ಎಲೆ ಹಿಡಿದವರು ಅರ್ಧ ಬಿಟ್ಟುಕೊಡಬೇಕು. ಏಳು ಬರುವ ದಾರಿ ಆರು, ಎಲ್ಲ ಅಂಕಿಗಳಿಗಿಂತ ಹೆಚ್ಚು. ಅಂದರೆ ಮುಚ್ಚಿಟ್ಟುಕೊಳ್ಳುವುದಕ್ಕಿಂತ ಕೊಟ್ಟು ತೆಗೆದುಕೊಳ್ಳುವುದು ಲಾಭವೆಂದು ಆಟದ ಕಟ್ಟಳೆಯೇ ಹೇಳುತ್ತದೆ. ದುರಾಸೆಯನ್ನು ಕಲಿಸುವ ಆಟ ಹೀಗಿರುವುದಿಲ್ಲ.

ಈ ತರ್ಕ ನಮ್ಮ ಊರುಗಳಿಗೆ ಹೊಸದೇನಲ್ಲ. ಒಂದೊಂದೇ ಎತ್ತು ಇದ್ದ ಇಬ್ಬರು ರೈತರು ಜೋಡಿ ಕಟ್ಟಿಕೊಂಡು ಸರದಿಯ ಮೇಲೆ ಇಬ್ಬರ ಹೊಲವನ್ನೂ ಹರಗುತ್ತಿದ್ದದ್ದು ಇದೇ. ಮುಯ್ಯಾಳು ಎಂಬ ಪದ್ಧತಿಯೂ ಇದೇ: ಇವತ್ತು ನಮ್ಮ ಮನೆಯ ಇಬ್ಬರು ನಿಮ್ಮ ತೊಗರಿ ಕೊಯ್ಯಲು, ನಾಳೆ ನಿಮ್ಮ ಮನೆಯ ಇಬ್ಬರು ನಮ್ಮ ಹೊಲಕ್ಕೆ. ಕೂಲಿ ಕೊಟ್ಟು ಆಳು ತರುವುದಕ್ಕಿಂತ ಮುಯ್ಯಿ ಅಗ್ಗ. ಅದರಲ್ಲಿ ಲೆಕ್ಕವೂ ಇತ್ತು, ನೆರೆಹೊರೆಯೂ ಇತ್ತು. ಒಂದನ್ನು ಬಿಟ್ಟು ಇನ್ನೊಂದಿರಲಿಲ್ಲ. ಲೆಕ್ಕ ಎಲ್ಲಿ ಬರುತ್ತದೋ ಅಲ್ಲಿ ಪ್ರೀತಿ ಹೋಗುತ್ತದೆ ಎನ್ನುವವರು ಮುಯ್ಯಿಯ ಲೆಕ್ಕ ತಪ್ಪಿಸಿದ ಮನೆಗೆ ಊರು ಹೇಗೆ ಮುಖ ತಿರುಗಿಸುತ್ತಿತ್ತು ಎಂಬುದನ್ನು ನೆನೆಯಲಿ. ಲೆಕ್ಕ ಚೊಕ್ಕವಾಗಿದ್ದಲ್ಲೇ ಸಂಬಂಧ ಬಾಳಿಕೆ ಬರುತ್ತಿತ್ತು.

ಇಲ್ಲಿ ಗಂಭೀರವಾದ ಆಕ್ಷೇಪವೊಂದಿದೆ, ನಾನು ಕೇಳಿದವುಗಳಲ್ಲಿ ತೂಕವುಳ್ಳದ್ದು. ಗಡಿ ಸೀಮೆಯ ಸರಸಂಬಾದಂಥ ಊರಿನ ರೈತ ವರ್ಷಪೂರ್ತಿ ಬೆಲೆ, ಬೀಜ, ಉದ್ರಿ, ಅಡತಿಗಳ ಲೆಕ್ಕದಲ್ಲೇ ಬೆಂದಿರುತ್ತಾನೆ. ಸಂಜೆ ಕೂತಾಗಲೂ ಅದೇ ಲೆಕ್ಕದ ಆಟ ಆಡು ಎನ್ನುವುದು ಗಾಯಕ್ಕೆ ಉಪ್ಪು ಸವರಿದಂತೆ ಎಂಬುದು. ಉತ್ತರಿಸುವ ಮೊದಲು ಆ ಲೆಕ್ಕ ಎಂಥದ್ದೆಂದು ನೋಡಬೇಕು. 2015ರಲ್ಲಿ ತೊಗರಿಬೇಳೆ ಪಟ್ಟಣದ ಅಂಗಡಿಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಬೆಲೆ ನೋಡಿ ಮುಂದಿನ ಮುಂಗಾರಿಗೆ ದೇಶದ ರೈತರೆಲ್ಲ ತೊಗರಿಗೇ ಬಿದ್ದರು, ಮಳೆಯೂ ಕೈಹಿಡಿಯಿತು. 2015-16ರಲ್ಲಿ ಸುಮಾರು 25 ಲಕ್ಷ ಟನ್ ಇದ್ದ ಫಸಲು 2016-17ರಲ್ಲಿ 48 ಲಕ್ಷ ಟನ್ ದಾಟಿತು. ರಾಶಿ ಮಾಡಿ ಪೇಟೆಗೆ ತಂದಾಗ ದರ ಕ್ವಿಂಟಲಿಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು. 2017ರ ಆಗಸ್ಟ್‌ನಲ್ಲಿ ಆಮದಿಗೆ ಮಿತಿ ಹಾಕಿದರು, 2021ರ ಮೇ ತಿಂಗಳಲ್ಲಿ ಆ ಬಾಗಿಲನ್ನು ಮತ್ತೆ ತೆರೆದರು. 2022ರ ಕೊನೆಗೆ ಕಲಬುರಗಿಯ ತೊಗರಿಗೆ ನೆಟೆ ರೋಗ ಬಡಿದು ನಿಂತ ಬೆಳೆ ನಿಂತಲ್ಲೇ ಒಣಗಿತು. 2025-26ರ ಬೆಂಬಲ ಬೆಲೆ 8,000 ರೂಪಾಯಿ. ಜೂನ್-ಜುಲೈಯಲ್ಲಿ ಬಿತ್ತಿ ಡಿಸೆಂಬರ್-ಜನವರಿಯಲ್ಲಿ ಕೊಯ್ಯುವ ಈ ಬೆಳೆ ಆರು ತಿಂಗಳು ಹೊಲದಲ್ಲಿ ನಿಂತಿರುತ್ತದೆ. ಬಿತ್ತಿದಾಗ ಇದ್ದ ಕಟ್ಟಳೆ ಕೊಯ್ದಾಗ ಇರುತ್ತದೆಂಬ ಖಾತ್ರಿ ಇಲ್ಲ. ಇದೇ ಅವನನ್ನು ಬೇಯಿಸುವುದು. ಲೆಕ್ಕ ಮಾಡಿದ್ದರಿಂದ ಅವನು ದಣಿದಿಲ್ಲ. ಮಣೆಯ ಅರ್ಧ ಭಾಗ ತನಗೆ ಕಾಣದ ಆಟದಲ್ಲಿ, ನಡುವೆ ಬದಲಾಗುವ ನಿಯಮದಲ್ಲಿ, ಒಂಟಿಯಾಗಿ ಲೆಕ್ಕ ಮಾಡಬೇಕಾಗಿ ಬಂದದ್ದರಿಂದ ದಣಿದಿದ್ದಾನೆ. ನೆಲದ ಮೇಲೆ ಹಾಸಿದ ಮಣೆ ಅದಕ್ಕೆ ತದ್ವಿರುದ್ಧ. ಅಲ್ಲಿ ಎಲ್ಲರ ಹೊಲ ಎಲ್ಲರಿಗೂ ಕಾಣುತ್ತದೆ. ನಿಯಮ ಗೌಡನಿಗೂ ಆಳಿಗೂ ಒಂದೇ. ಆಟದ ನಡುವೆ ಅದನ್ನು ಬದಲಿಸಲು ಹೋದವನ ಕೈ ನಾಲ್ಕು ಮಂದಿ ಹಿಡಿಯುತ್ತಾರೆ. ಸೋತವನಿಗೆ ಇನ್ನೊಂದು ಆಟ ಇದೆ. ದುಡಿದವನಿಗೆ ಜೀವನದಲ್ಲಿ ಸಿಗದ ನ್ಯಾಯವಾದ ಪೇಟೆ ಒಂದು ಗಂಟೆಯ ಮಟ್ಟಿಗೆ ಅಲ್ಲಿ ಸಿಗುತ್ತದೆ. ಅವನು ಮತ್ತೆ ಮತ್ತೆ ಬಂದು ಕೂರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಬೆಲೆ ಏರುವುದು ಇಳಿಯುವುದು ಮೇಲಿನಿಂದ ಬಂದ ಶಾಪವಲ್ಲ, ಮಂದಿಯೇ ಮಾಡುವ ಸಂಗತಿ ಎಂಬುದನ್ನು ಕಣ್ಣೆದುರು ಕಾಣಿಸುವ ಆಟಗಳೂ ಇವೆ. ಫ್ರೀಡೆಮನ್ ಫ್ರೀಸೆ ಮಾಡಿದ ‘ಪವರ್ ಗ್ರಿಡ್’ ಅಂಥದ್ದು. ಊರುಗಳಿಗೆ ಕರೆಂಟು ಕೊಡಲು ಕಲ್ಲಿದ್ದಲು ಕೊಳ್ಳಬೇಕು. ಪೇಟೆ ತುಂಬಿದ್ದಾಗ ಮೊದಲ ಮೂರು ತುಂಡಿನ ಬೆಲೆ ಒಂದೊಂದು, ಮುಂದಿನ ಮೂರಕ್ಕೆ ಎರಡೆರಡು, ಹೀಗೆ ಎಂಟರವರೆಗೆ. ನೀವು ಆರು ತುಂಡು ಎತ್ತಿದಿರೋ, ನಿಮ್ಮ ನಂತರದವನಿಗೆ ಮೂರರ ಬೆಲೆ ಕಾದಿರುತ್ತದೆ. ಎಲ್ಲರೂ ಒಂದೇ ಸರಕಿಗೆ ಮುಗಿಬಿದ್ದರೆ ಏನಾಗುತ್ತದೆಂದು ಯಾರೂ ಭಾಷಣ ಮಾಡಬೇಕಿಲ್ಲ. ಅದಕ್ಕಿಂತ ನನಗೆ ಹಿಡಿಸಿದ್ದು ಅದರ ಸರದಿಯ ಕಟ್ಟಳೆ: ಆಟದಲ್ಲಿ ಮುಂದಿದ್ದವನು ಕಲ್ಲಿದ್ದಲು ಕೊಳ್ಳುವಾಗ ಕೊನೆಗೆ ನಿಲ್ಲಬೇಕು, ಹಿಂದುಳಿದವನಿಗೆ ಅಗ್ಗದ ತುಂಡು ಮೊದಲು. ಬಲಿತವನಿಗೇ ಮೊದಲ ಸರದಿ ಎಂಬುದು ಪ್ರಕೃತಿ ನಿಯಮವಲ್ಲ, ಯಾರೋ ಬರೆದ ನಿಯಮ, ಬೇರೆಯಾಗಿಯೂ ಬರೆಯಬಹುದು ಎಂದು ಹೊಳೆಯಲು ಈ ಒಂದು ಕಟ್ಟಳೆ ಸಾಕು.

ಇಷ್ಟು ಹೇಳಿದ ಮೇಲೆ ಈ ಆಟಗಳ ಹಿತೈಷಿಗಳೊಂದಿಗೂ ನನಗೆ ಜಗಳವಿದೆ. ಆಪಾದನೆಗೆ ಉತ್ತರವಾಗಿ ಅವರು ‘ಇದು ಆಟವಲ್ಲ, ಹಣಕಾಸಿನ ಪಾಠ, ಆಡಿದ ಮಕ್ಕಳು ಉದ್ಯಮಿಗಳಾಗುತ್ತಾರೆ’ ಎಂದು ಡಬ್ಬಿಯ ಮೇಲೇ ಅಚ್ಚುಹಾಕುತ್ತಾರೆ. ಇದು ವಾದವನ್ನು ಬಿಟ್ಟುಕೊಟ್ಟಂತೆ. ಆಟಕ್ಕೆ ಪಾಠದ ಅಂಗಿ ತೊಡಿಸದೆ ಬಾಗಿಲೊಳಗೆ ಬಿಡಲಾಗದು ಎಂದಾದರೆ ಕೂತಾಡುವುದು ದರಿದ್ರ ಎಂಬ ಮೂಲ ಮಾತನ್ನೇ ಒಪ್ಪಿಕೊಂಡ ಹಾಗಾಯಿತು. ಹಂಪಿಯ ಕಲ್ಲುಹಾಸುಗಳಲ್ಲಿ ಆಟದ ಮನೆಗಳನ್ನು ಕೊರೆದವರು ಯಾವ ಪಾಠಕ್ಕೂ ಕೊರೆದಿರಲಾರರು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳ ವಿವರಣೆಯಿದೆ. ದೇವತೆಗಳ ರೂಪಗಳನ್ನು ಬರೆಸಿದ ಗ್ರಂಥದಲ್ಲೇ ಆಟಗಳಿಗೂ ಜಾಗ ಕೊಡಲು ಆ ಅರಸರಿಗೆ ನಾಚಿಕೆಯಾಗಲಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ದ ಹೆಸರಿನಲ್ಲಿ ಹಳೆಯ ಮಣೆಗಳನ್ನು ಮತ್ತೆ ಮಾಡಿಸಿ ಜನರ ಮುಂದಿಟ್ಟಾಗಲೂ ಅವುಗಳ ಚೆಲುವೇ ಅವುಗಳ ಸಮರ್ಥನೆಯಾಗಿತ್ತು. ಕಲಿಕೆ ಆಗುತ್ತದೆ, ಇಲ್ಲವೆನ್ನುವುದಿಲ್ಲ. ಅಂಗಳದಲ್ಲಿ ರಂಗೋಲಿ ಹಾಕುವವಳಿಗೆ ರೇಖಾಗಣಿತ ಬರುತ್ತದೆ; ಅವಳು ರಂಗೋಲಿ ಹಾಕುವುದು ಅದಕ್ಕಲ್ಲ.

ಕೂಡಿ ಆಡುವ ಆಸೆ ಈಗ ಫೋನಿನಲ್ಲೇ ತೀರುತ್ತದಲ್ಲ ಎಂದು ಹುಡುಗರು ಕೇಳುತ್ತಾರೆ. ಪಚ್ಚೀಸಿ ಇಂಗ್ಲೆಂಡಿಗೆ ಹೋಗಿ 1896ರಲ್ಲಿ ಲೂಡೊ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದು, ತಿರುಗಿ ಬಂದು, 2020ರ ಲಾಕ್‌ಡೌನಿನಲ್ಲಿ ಎಲ್ಲರ ಫೋನು ಸೇರಿತು. ಆದರೆ ಫೋನಿನ ಲೂಡೊದಲ್ಲಿ ದಾಳ ಯಂತ್ರ ಹಾಕುತ್ತದೆ, ಕಾಯಿ ಯಂತ್ರ ನಡೆಸುತ್ತದೆ, ನಿಯಮ ಯಂತ್ರ ಕಾಯುತ್ತದೆ. ಚೌಕಾಬಾರದಲ್ಲಿ ಕವಡೆ ಅಂಗಾತ ಬಿತ್ತೋ ಬೋರಲು ಬಿತ್ತೋ ಎಂದು ನಾಲ್ಕು ತಲೆ ಬಗ್ಗಿ ನೋಡಿ ತೀರ್ಮಾನಿಸಬೇಕು. ಆ ತೀರ್ಮಾನದ ಹಕ್ಕೇ ಗುಂಪಿನ ಹಕ್ಕು. ಅದನ್ನು ಬಿಟ್ಟುಕೊಟ್ಟ ಮೇಲೆ ನಾಲ್ಕು ಮಂದಿ ಒಂದೇ ಕಟ್ಟೆಯ ಮೇಲೆ ಕೂತಿದ್ದರೂ ಕೂಡಿ ಕೂತಂತಾಗುವುದಿಲ್ಲ.

ಜಗಳವಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗರೆಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡಲು ಕೂತು, ಮಾತಿಗೆ ಮಾತು ಬೆಳೆದು, ಒಬ್ಬಳು ಅದೇ ಮಣೆಯಿಂದ ಇನ್ನೊಬ್ಬಳನ್ನು ಹೊಡೆದು ಕೊಲ್ಲುತ್ತಾಳೆ. ಆ ಕಥೆ ಕೇಳಿದ ಸಮಾಜ ಏನು ಮಾಡಿತೆಂಬುದು ಮುಖ್ಯ. ಚೆನ್ನೆಮಣೆಯನ್ನು ಒಲೆಗೆ ಹಾಕಲಿಲ್ಲ. ಅಕ್ಕತಂಗಿಯರು ಎದುರುಬದುರು ಕೂತು ಆಡಬಾರದು, ಆಟಿ ತಿಂಗಳ ಮಳೆಯಲ್ಲಿ ಆಡಬೇಕು ಎಂದು ಕಟ್ಟಳೆ ಮಾಡಿಕೊಂಡು ಆಟವನ್ನು ಉಳಿಸಿಕೊಂಡಿತು. ಮಂದಿ ಕೂಡುವಲ್ಲೆಲ್ಲ ಜಗಳವಿದೆ, ಮದುವೆಯ ಪಂಕ್ತಿಯಲ್ಲೂ ಇದೆ. ಜಗಳವನ್ನು ಎಲ್ಲರ ಮುಂದೆ, ಒಪ್ಪಿದ ನಿಯಮದ ಒಳಗೆ ಆಡಿ ಮುಗಿಸುವ ಜಾಗ ಬೇಕೆಂಬುದನ್ನು ಆ ಹಿರಿಯರು ನಮಗಿಂತ ಚೆನ್ನಾಗಿ ಅರಿತಿದ್ದರು.

ಉಳಿದದ್ದು ಖರ್ಚಿನ ಮಾತು. ಹೊರದೇಶದ ಡಬ್ಬಿಗಳ ಬೆಲೆ ಸಾವಿರಗಳ ಲೆಕ್ಕದಲ್ಲಿದೆ, ನಿಯಮದ ಪುಸ್ತಕ ಇಂಗ್ಲಿಷಿನಲ್ಲಿದೆ, ಅದು ಸರಸಂಬಾದ ಮನೆಗಳಿಗೆ ಎಟುಕುವುದಿಲ್ಲ. ಈ ಮಾತು ನಿಜ. ಆದರೆ ಅದು ಡಬ್ಬಿಯ ಮೇಲಿನ ಆಕ್ಷೇಪ, ಆಟದ ಮೇಲಿನದ್ದಲ್ಲ. ರಟ್ಟಿನ ಮೇಲೆ ಭೀಮಾ ತೀರದ ಕಬ್ಬಿನ ಹೊಲ, ಆಳಂದದ ತೊಗರಿ, ಜೇವರ್ಗಿಯ ಹತ್ತಿ ಬರೆದು, ಬ್ಯಾಂಕಿನ ಜಾಗದಲ್ಲಿ ಅಡತಿ ಅಂಗಡಿ ಇಟ್ಟು, ನಾಲ್ಕಕ್ಕೆ ಒಂದರ ದರ ಕಟ್ಟಿದರೆ ಕಟಾನಿನ ಎಲುಬು ಕನ್ನಡದಲ್ಲಿ ಎದ್ದು ನಿಲ್ಲುತ್ತದೆ. ಶಾಲೆಯ ಮಕ್ಕಳು ಒಂದು ಮಧ್ಯಾಹ್ನದಲ್ಲಿ ಮಾಡುವ ಕೆಲಸ. ಅಷ್ಟೂ ಬೇಡವೆಂದರೆ ಹಳೆಯದೇ ಇದೆ. ತೊಗರಿ ಬಿತ್ತಿ, ಎಡೆ ಹೊಡೆಯಲು ಹೊಲ ಆರಲೆಂದು ಮಂದಿ ಮನೆಯಲ್ಲಿ ಕಾಯುವ ಮಳೆಯ ದಿನಗಳಲ್ಲಿ ಪಡಸಾಲೆಯ ಮಣ್ಣಿನ ನೆಲದಲ್ಲಿ ಹದಿನಾಲ್ಕು ಗುಳಿ ತೋಡಲು ಒಂದು ಮುಷ್ಟಿಯ ಒತ್ತು ಸಾಕು. ಹೊಸ ಹುಣಸೆಹಣ್ಣು ಬಿಡಿಸಿದ ಮನೆಯಲ್ಲಿ 70 ಬೀಜ ಮೂಲೆಯಲ್ಲೇ ಬಿದ್ದಿರುತ್ತವೆ.